ಉಣಕಲ್ ಕೆರೆಯ ನೀರು, ಮಂಜಗುಣಿಯ ಅಳಿವೆ

ಭರತ ಏರುವ ಹೊತ್ತಿನಲ್ಲಿ ಮಂಜಗುಣಿಯ ದಂಡೆಯ ಮೇಲೆ ನಿಂತವರಿಗೆ ಗಂಗಾವಳಿ ನದಿ ಹಿಂದಕ್ಕೆ ಹರಿಯುವುದು ಕಾಣುತ್ತದೆ. ಅಳಿವೆಯಿಂದ ನುಗ್ಗಿದ ಕಡಲ ನೀರು ಕಟ್ಟಿಹಾಕಿದ ದೋಣಿಗಳ ದಿಕ್ಕನ್ನೇ ತಿರುಗಿಸುತ್ತದೆ. ಇಳಿತದಲ್ಲಿ ಬಯಲಾಗಿದ್ದ ಮರಳ ದಿಬ್ಬಗಳು ಒಂದೊಂದಾಗಿ ಮುಳುಗುತ್ತವೆ, ಬೆಳಚು ಹೆಕ್ಕುತ್ತಿದ್ದ ಹೆಂಗಸರು ಬುಟ್ಟಿ ಹೊತ್ತು ದಡ ಸೇರುತ್ತಾರೆ. ಎದುರಿಗೆ ಗಂಗಾವಳಿ ಊರು, ಅದರಾಚೆ ಗೋಕರ್ಣ. ಭಾನುವಾರದ ಸಂಜೆಯಾದರೆ ಅದೇ ಹೊತ್ತಿಗೆ ಘಟ್ಟದ ಮೇಲೆ ಹುಬ್ಬಳ್ಳಿಯ ಉಣಕಲ್ ಕೆರೆಯ ಉದ್ಯಾನದಲ್ಲಿ ಜನ ನೆರೆದಿರುತ್ತಾರೆ. ಮಕ್ಕಳಿಗೆ ದೋಣಿ ಹತ್ತುವ ಆತುರ, ದೊಡ್ಡವರ ಕೈಯಲ್ಲಿ ಗಿರಮಿಟ್ಟು, ನೀರಿನ ನಡುವೆ ನಿಂತ ವಿವೇಕಾನಂದರ ಪ್ರತಿಮೆಯ ಮುಂದೆ ಮೊಬೈಲ್ ಹಿಡಿದವರ ಸಾಲು. ಈ ಎರಡು ದೃಶ್ಯಗಳ ನಡುವೆ ಸುಮಾರು ನೂರೈವತ್ತು ಕಿಲೋಮೀಟರು ಹರಿಯುವ ಒಂದೇ ನೀರಿದೆ. ಕೆರೆ ನೋಡಲು ಹೋದವರಲ್ಲಿ ಹೆಚ್ಚಿನವರಿಗೆ ಅಳಿವೆಯ ನೆನಪಿಲ್ಲ, ಅಳಿವೆಯ ದಂಡೆಯವರಲ್ಲಿ ಹೆಚ್ಚಿನವರು ಆ ಕೆರೆಯನ್ನು ಕಂಡಿಲ್ಲ.

ರಜೆ ಬಂದರೆ ಕೆರೆ, ಸರೋವರ, ಜಲಾಶಯ ನೋಡಲು ಹೋಗುವ ಅಭ್ಯಾಸ ಈಗ ನಮ್ಮಲ್ಲಿ ಬೇರೂರಿದೆ. ಅನುಕೂಲವಿದ್ದವರು ಚೀನಾದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದವರೆಗೂ ಹೋಗಿಬರುತ್ತಾರೆ. ಅಲ್ಲಿಂದ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ನಮ್ಮ ಕೆರೆಗಳೂ ಹಾಗೆ ಏಕಿಲ್ಲ? ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರವನ್ನು ನಾವು ದಡದ ಕಲ್ಲುಹಾಸಿನಲ್ಲಿ, ಕಾರಂಜಿಯಲ್ಲಿ, ದೀಪಗಳಲ್ಲಿ ಹುಡುಕುತ್ತೇವೆ. ಕೆರೆಯ ಚೆಲುವನ್ನು ನಿರ್ಧರಿಸುವುದು ಅದಕ್ಕೆ ಬಂದು ಸೇರುವ ನೀರು, ಅದರಿಂದ ಹೊರಡುವ ನೀರು, ಮತ್ತು ಅವೆರಡನ್ನೂ ವರ್ಷಾನುಗಟ್ಟಲೆ ಕಾಯುವ ವ್ಯವಸ್ಥೆ. ಹಾಂಗ್‌ಝೌ ಸರೋವರದ ಸಾವಿರದ ಇನ್ನೂರು ವರ್ಷಗಳ ಚರಿತ್ರೆ ಇದನ್ನು ಹೇಳುತ್ತದೆ. ಉಣಕಲ್ಲಿನಿಂದ ಮಂಜಗುಣಿವರೆಗಿನ ನದಿಯೂ ಇದನ್ನೇ ಹೇಳುತ್ತದೆ.

ಉಪ್ಪಿನ ಅಂಚಿನಲ್ಲಿ ಸಿಹಿನೀರು

ಪಶ್ಚಿಮ ಸರೋವರ ಬೆಟ್ಟಗಳ ನಡುವೆ ಹುಟ್ಟಿದ ಗಿರಿಸರೋವರವಲ್ಲ ಎಂಬುದು ಅದನ್ನು ನೋಡಿ ಬಂದವರಲ್ಲೂ ಹಲವರಿಗೆ ತಿಳಿದಿರುವುದಿಲ್ಲ. ಅದು ಒಂದು ಕಾಲಕ್ಕೆ ಚಿಯೆನ್‌ತಾಂಗ್ ನದಿಯ ಅಳಿವೆಗೆ ಅಂಟಿಕೊಂಡ ಹಿನ್ನೀರು. ಉಬ್ಬರದ ನೀರು ಹೊತ್ತು ತಂದ ಮರಳು, ಹೂಳು ಅಡ್ಡಲಾಗಿ ಬಿದ್ದು ಕಡಲಿನಿಂದ ಬೇರ್ಪಟ್ಟಿತು. ಸುತ್ತಲ ಗುಡ್ಡಗಳ ಹಳ್ಳಗಳು ತುಂಬುತ್ತ ತುಂಬುತ್ತ ಉಪ್ಪು ತೊಳೆದು ಹೋಗಿ ಸಿಹಿನೀರಾಯಿತು. ಈ ಹುಟ್ಟನ್ನು 1920ರ ದಶಕದ ಆರಂಭದಲ್ಲಿ ವೈಜ್ಞಾನಿಕವಾಗಿ ವಿವರಿಸಿದವರಲ್ಲಿ ಮೊದಲಿಗರು ಚೀನಾದ ಹವಾಮಾನ ವಿಜ್ಞಾನಿ ಝು ಕೆಝೆನ್. ಮನುಷ್ಯರು ಮತ್ತೆ ಮತ್ತೆ ಹೂಳೆತ್ತದೆ ಹೋಗಿದ್ದರೆ ಇದು ಎಂದೋ ನೆಲವಾಗಿ ಹೋಗುತ್ತಿತ್ತು ಎಂದೂ ಅವರು ತೀರ್ಮಾನಿಸಿದರು. ಅಂದರೆ ಜಗತ್ತಿನ ಅತ್ಯಂತ ಹೆಸರಾದ ನಿಸರ್ಗ ದೃಶ್ಯಗಳಲ್ಲೊಂದು ನಿಸರ್ಗಕ್ಕೆ ಬಿಟ್ಟಿದ್ದರೆ ಉಳಿಯುತ್ತಲೇ ಇರಲಿಲ್ಲ.

ಕರಾವಳಿಯವರಿಗೆ ಈ ಕಥೆ ಹೊಸದಾಗಿ ಕೇಳಿಸಬಾರದು. ಮಂಜಗುಣಿಯಂಥ ಊರಿನಲ್ಲಿ ಸಿಹಿನೀರು ಎಂದರೆ ಕಡಲಿನೊಂದಿಗೆ ಮಾಡಿಕೊಂಡ ಒಪ್ಪಂದ. ಉಪ್ಪುನೀರು ತೂಕದ್ದು, ಅದು ಹೊಳೆಯ ತಳದಲ್ಲಿ ಜಾರಿಕೊಂಡು ಒಳಗೆ ಬರುತ್ತದೆ. ಸಿಹಿನೀರು ಹಗುರ, ಅದು ಮೇಲೆ ತೇಲುತ್ತ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಹೊಳೆಗೆ ಬಲವಿದ್ದಾಗ ಉಪ್ಪು ಅಳಿವೆಯಾಚೆ ಹೋಗುತ್ತದೆ. ಫಾಲ್ಗುಣ, ಚೈತ್ರದಲ್ಲಿ ಮೇಲಿನ ಹರಿವು ಸೊರಗಿದಾಗ ಅದು ಕಿಲೋಮೀಟರುಗಟ್ಟಲೆ ಒಳಗೆ ಏರುತ್ತದೆ. ನೆಲದಡಿಯಲ್ಲೂ ಇದೇ ಲೆಕ್ಕ. ಮರಳು ನೆಲದಲ್ಲಿ ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತರೆ ಅದರ ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪನ್ನು ತಡೆದು ನಿಲ್ಲಿಸುತ್ತದೆ. ಆ ಒಂದು ಅಡಿ ಇಳಿದರೆ ಕೆಳಗಿನ ಉಪ್ಪು ಅಷ್ಟೇ ಪಟ್ಟು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಅಳಿವೆ ಬದಿಯ ಬಾವಿಗಳ ನೀರು ಸಪ್ಪೆಯಾಗಿ, ಮತ್ತೆ ಉಪ್ಪಾಗುವುದರ ಹಿಂದಿರುವುದು ಇಷ್ಟೇ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯ ನೆಲದಲ್ಲಿ ಉಪ್ಪಿಗೆ ಎಂದೂ ಬರವಿಲ್ಲ. ಇಲ್ಲಿ ದುಬಾರಿಯಾದದ್ದು ಸಿಹಿನೀರು.

ಹಾಂಗ್‌ಝೌ ನಗರ ಕಟ್ಟಿದ್ದೂ ಇಂಥದೇ ಉಪ್ಪು ನೆಲದ ಮೇಲೆ. ಊರೊಳಗಿನ ಬಾವಿಗಳು ಕುಡಿಯಲು ಬಾರದಂತಿದ್ದವು. ಟಾಂಗ್ ದೊರೆಗಳ ಕಾಲದಲ್ಲಿ, 8ನೆಯ ಶತಮಾನದ ಕೊನೆಯಲ್ಲಿ, ಲಿ ಬಿ ಎಂಬ ಅಧಿಕಾರಿ ಸರೋವರದಿಂದ ನೆಲದೊಳಗೆ ಕೊಳವೆ ಹಾಕಿಸಿ ಊರಿನ ಆರು ಬಾವಿಗಳಿಗೆ ಸಿಹಿನೀರು ತಂದ. ಅಲ್ಲಿಂದ ಮುಂದೆ ಸರೋವರ ಮತ್ತು ನಗರ ಬೇರೆಬೇರೆಯಾಗಿ ಉಳಿಯಲಿಲ್ಲ. 822ರಲ್ಲಿ ಅಲ್ಲಿಗೆ ಅಧಿಕಾರಿಯಾಗಿ ಬಂದ ಕವಿ ಬಾಯ್ ಜುಯಿ ಏರಿಯನ್ನು ಎತ್ತರಿಸಿದ, ಬಾವಿಗಳನ್ನು ಶುದ್ಧ ಮಾಡಿಸಿದ. 824ರಲ್ಲಿ ಹೊರಡುವ ಮುನ್ನ ಕಲ್ಲಿನ ಮೇಲೆ ಬರೆಸಿಟ್ಟದ್ದು ನೀರು ಬಿಡುವ ನಿಯಮಗಳನ್ನು. ಸರೋವರದ ಮಟ್ಟ ಒಂದು ಅಂಗುಲ ಇಳಿದರೆ ಎಷ್ಟು ಗದ್ದೆ ನೆನೆಯುತ್ತದೆ, ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ವಿವರ ಅದರಲ್ಲಿದೆ.

ಕವಿಯ ಐದು ಕಾರಣಗಳು

ಎರಡೂವರೆ ಶತಮಾನದ ನಂತರ, 1089ರಲ್ಲಿ, ಇನ್ನೊಬ್ಬ ಕವಿ ಹಾಂಗ್‌ಝೌದ ಅಧಿಕಾರಿಯಾಗಿ ಬಂದ. ಸು ದೊಂಗ್‌ಪೊ ಎಂಬ ಹೆಸರಿನಿಂದ ಪ್ರಸಿದ್ಧನಾದ ಸು ಶಿ. ಹದಿನಾರು ಹದಿನೇಳು ವರ್ಷಗಳ ಹಿಂದೆ ಕೆಳಗಿನ ಹುದ್ದೆಯಲ್ಲಿ ಅಲ್ಲೇ ಇದ್ದವನು. ಆಗ ಸರೋವರದ ಹತ್ತರಲ್ಲಿ ಎರಡು ಮೂರು ಪಾಲು ಕಳೆ ಮುಚ್ಚಿತ್ತು. ಈಗ ಬಂದು ನೋಡಿದರೆ ಅರ್ಧಕ್ಕರ್ಧ ಮುಚ್ಚಿಹೋಗಿದೆ. ಇನ್ನು ಇಪ್ಪತ್ತು ವರ್ಷ ಹೀಗೆ ಬಿಟ್ಟರೆ ಸರೋವರವೇ ಇರುವುದಿಲ್ಲ ಎಂದು 1090ರಲ್ಲಿ ಆಸ್ಥಾನಕ್ಕೆ ಅರ್ಜಿ ಬರೆದ. ಆ ಅರ್ಜಿಯಲ್ಲಿ ಸರೋವರ ಏಕೆ ಉಳಿಯಬೇಕು ಎಂಬುದಕ್ಕೆ ಐದು ಕಾರಣ ಕೊಟ್ಟಿದ್ದಾನೆ. ಮೀನು, ಜಲಚರಗಳನ್ನು ಹಿಡಿಯದೆ ಬಿಡುವ ಪುಣ್ಯಸ್ಥಳ ಎಂಬುದು ಒಂದು. ಊರಿನ ಕುಡಿಯುವ ನೀರು ಎರಡನೆಯದು. ಗದ್ದೆಗಳ ನೀರಾವರಿ ಮೂರನೆಯದು. ದೋಣಿ ಸಾಗುವ ಕಾಲುವೆಗೆ ಹೂಳಿಲ್ಲದ ತಿಳಿನೀರು ನಾಲ್ಕನೆಯದು. ಮದ್ಯ ತಯಾರಿಕೆಗೆ ಬೇಕಾದ ನೀರು, ಅದರಿಂದ ಸರ್ಕಾರಕ್ಕೆ ಬರುವ ತೆರಿಗೆ ಐದನೆಯದು. ಅದೇ ಸರೋವರವನ್ನು ಚೀನಾದ ಪುರಾತನ ಸುಂದರಿಗೆ ಹೋಲಿಸಿ ಕವಿತೆ ಬರೆದವನು, ಅಧಿಕಾರಿಯಾಗಿ ಕೂತಾಗ ಚೆಲುವನ್ನು ಕಾರಣವಾಗಿ ಎಣಿಸಲಿಲ್ಲ. ಬಳಕೆ ಉಳಿದರೆ ಚೆಲುವು ತಾನಾಗಿ ಉಳಿಯುತ್ತದೆಂದು ಅವನಿಗೆ ಗೊತ್ತಿತ್ತು.

ಕೆಲಸ ನಡೆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ಲಕ್ಷ ಆಳಿನ ದುಡಿಮೆ ಬೇಕೆಂದು ಲೆಕ್ಕ ಹಾಕಲಾಯಿತು. ಹಣ ಸಾಲದೆ ಬಂದಾಗ, ಬೌದ್ಧ ಭಿಕ್ಷುಗಳಾಗುವವರಿಗೆ ಕೊಡುವ ಸರ್ಕಾರಿ ಪತ್ರಗಳನ್ನು ಮಾರಿ ಹೊಂದಿಸಲು ಅನುಮತಿ ಕೇಳಿದ. ತೆಗೆದ ಕಳೆ ಮತ್ತು ಹೂಳನ್ನು ಎಲ್ಲಿ ಹಾಕುವುದು ಎಂಬ ತೊಡಕಿಗೆ, ಸರೋವರದ ಉತ್ತರ ದಕ್ಷಿಣಗಳನ್ನು ಜೋಡಿಸುವ ದಾರಿಯಾಗಿ ಅದನ್ನೇ ಒಟ್ಟಿಸಿದ. ಆರು ಸೇತುವೆಗಳ, ಸುಮಾರು 2.8 ಕಿಲೋಮೀಟರು ಉದ್ದದ ಆ ಏರಿಯ ಮೇಲೆ ಇಂದು ಪ್ರವಾಸಿಗರು ಓಡಾಡುತ್ತಾರೆ; ಅವರು ತುಳಿಯುವುದು ಒಂಬೈನೂರು ವರ್ಷ ಹಳೆಯ ಹೂಳನ್ನು. ಎಲ್ಲಕ್ಕಿಂತ ಜಾಣ ಕ್ರಮ ಮುಂದಿನದು. ದಡದ ಬಳಿಯ ನೀರನ್ನು ಶಿಂಗಾಡೆ ಬೆಳೆಯುವವರಿಗೆ ಗೇಣಿಗೆ ಕೊಟ್ಟ. ಶಿಂಗಾಡೆ ಹಾಕುವವರು ಪ್ರತಿ ವಸಂತದಲ್ಲೂ ಕಳೆಯನ್ನು ಬೇರುಸಹಿತ ಕೀಳಲೇಬೇಕು. ಗೇಣಿಯ ಹಣ ಮತ್ತೆ ಹೂಳೆತ್ತಲು. ಅವರು ಒಳಗೆ ಒತ್ತುವರಿ ಮಾಡಬಾರದೆಂದು ನೀರಿನಲ್ಲಿ ಮೂರು ಕಲ್ಲು ಗೋಪುರ ನಿಲ್ಲಿಸಿ ಗಡಿ ಹಾಕಿದ. ಆ ಗೋಪುರಗಳ ಪರಂಪರೆಯಲ್ಲಿ ಮುಂದೆ ಕಟ್ಟಿದ ಮೂರು ಕಲ್ಲು ದೀಪಗಳ ಚಿತ್ರವೇ ಇಂದು ಚೀನಾದ ಒಂದು ಯುವಾನ್ ನೋಟಿನ ಹಿಂಬದಿಯಲ್ಲಿದೆ. ಒತ್ತುವರಿ ತಡೆಯುವ ಗಡಿಕಲ್ಲು ಒಂದು ದೇಶದ ಹೆಮ್ಮೆಯ ಚಿತ್ರವಾಯಿತು.

ಕನ್ನಡ ನಾಡಿಗೆ ಈ ವಿವೇಕ ಹೊರಗಿನದಲ್ಲ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪುಣ್ಯದಷ್ಟೇ ಕೆರೆ ಕಾಯುವ ಏರ್ಪಾಡೂ ಕಾಣುತ್ತದೆ. ಕೆರೆಯ ನೀರುಂಡ ಗದ್ದೆಯ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಬಿತ್ತುವಟ್ಟವೆಂದು ಕೆರೆಗೇ ಮೀಸಲಿಡುತ್ತಿದ್ದರು, ಹೂಳು ಹೊರುವ ಬಂಡಿಗೆಂದು ದತ್ತಿ ಬಿಡುತ್ತಿದ್ದರು, ತೂಬು ನೋಡಿಕೊಳ್ಳುವ ನೀರುಗಂಟಿಗೆ ಜಮೀನು ಕೊಡುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎರಡು ಗುಡ್ಡಗಳ ನಡುವಿನ, ಹೆಚ್ಚು ಉದ್ದವಿಲ್ಲದ ಒಂದು ಏರಿಯ ಬಲದಿಂದ ಶತಮಾನಗಳನ್ನು ದಾಟಿ ಬಂದಿದ್ದರೆ, ಕಟ್ಟಿದವರ ಜಾಣ್ಮೆಯ ಜೊತೆಗೆ ಕಾಯ್ದವರ ಋಣವೂ ಅದರಲ್ಲಿದೆ. ಏರ್ಪಾಡು ಮುರಿದದ್ದು ಕೆರೆಯನ್ನು ಊರಿನ ಕೈಯಿಂದ ಇಲಾಖೆಯ ಕಡತಕ್ಕೆ ಸಾಗಿಸಿದ ಮೇಲೆ. ನಲ್ಲಿ ಬಂದ ಊರಿಗೆ ಕೆರೆ ಬೇಡವಾಯಿತು.

ಹುಬ್ಬಳ್ಳಿಯಿಂದ ಕಡಲಿಗೆ

ಉಣಕಲ್ ಕೆರೆಯ ಕಥೆ ಸರಿಯಾಗಿ ಇದೇ. ಸುಮಾರು 200 ಎಕರೆಯ, ನೂರು ವರ್ಷ ದಾಟಿದ ಈ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟಿತು. ಊರು ಬೆಳೆಯಿತು. 1950ರ ದಶಕದಲ್ಲಿ ಕಲಘಟಗಿ ತಾಲ್ಲೂಕಿನಲ್ಲಿ, ಘಟ್ಟದ ಮೇಲೆ ಬೇಡ್ತಿ ಎನಿಸಿಕೊಳ್ಳುವ ಗಂಗಾವಳಿಯ ಮೇಲ್ಹರಿವಿಗೆ ಅಡ್ಡಲಾಗಿ ನೀರಸಾಗರ ಕಟ್ಟಿದರು. ಅದೂ ಸಾಲದೆ ಹೋದಾಗ, 1980ರ ದಶಕದಲ್ಲಿ, ಸವದತ್ತಿಯ ಕಡೆಯಿಂದ ಮಲಪ್ರಭೆ ಬಂದಳು. ಒಂದೊಂದು ಹೊಸ ಕೊಳವೆ ಬಂದಾಗಲೂ ಹಳೆಯ ನೀರಿನ ಮೇಲಿನ ಕಣ್ಣು ತಪ್ಪಿತು. ಕುಡಿಯುವ ಕೆರೆ ನೋಡುವ ಕೆರೆಯಾಯಿತು. ಸುತ್ತ ಬಡಾವಣೆಗಳು ಎದ್ದವು, ಅವುಗಳ ಬಚ್ಚಲ ನೀರು ಕೆರೆಯ ದಾರಿ ಹಿಡಿಯಿತು.

ಕೆರೆ ದಾಟಿದ ನೀರು ಉಣಕಲ್ ನಾಲೆಯಾಗಿ ಹುಬ್ಬಳ್ಳಿಯ ನಡುವೆ ಸಾಗುತ್ತದೆ. ಊರಿನ ಉಳಿದ ಕೊಳಚೆಯನ್ನೂ ಕೂಡಿಕೊಂಡು ಬೇಡ್ತಿಯ ಕಡೆ ಇಳಿಯುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯ ಜೊತೆಗೂಡುತ್ತಾಳೆ. ಅಲ್ಲಿಂದ ಯಲ್ಲಾಪುರದ ಕಾಡು, ಮಾಗೋಡಿನಲ್ಲಿ ಸುಮಾರು 200 ಮೀಟರಿನ ಧುಮುಕು, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರು. ಅಂಕೋಲಾ ಮತ್ತು ಕಾರವಾರ ಪಟ್ಟಣಗಳ ನಲ್ಲಿಗಳಿಗೆ ನೀರು ಬರುವುದು ಇದೇ ಗಂಗಾವಳಿಯಿಂದ. ಕೊನೆಗೆ ಮಂಜಗುಣಿ. ಮಾಗೋಡು ಜಲಪಾತದ ಚಿತ್ರ ರಾಜ್ಯದ ಪ್ರವಾಸಿ ಪುಸ್ತಕಗಳಲ್ಲೆಲ್ಲ ಇದೆ. ಆ ಬೆಳ್ನೊರೆಯೊಳಗೆ ಒಂದು ಮಹಾನಗರದ ಪಾಲೂ ಇದೆ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ.

ಅಂತರಗಂಗೆ ಮತ್ತೆ ಮತ್ತೆ ಏಕೆ?

ಉಣಕಲ್ಲಿನಲ್ಲಿ ಅಂತರಗಂಗೆ ತೆಗೆಸಿದ ಸುದ್ದಿ, ಮತ್ತೆ ಬೆಳೆದ ಸುದ್ದಿ ಒಂದರ ಬೆನ್ನಿಗೆ ಒಂದು ಬರುತ್ತಲೇ ಇವೆ. ಇದನ್ನು ಗುತ್ತಿಗೆದಾರರ ತಪ್ಪೆಂದು ಬಗೆಯುವವರಿದ್ದಾರೆ. ತಪ್ಪು ಇರಬಹುದು, ಮೂಲ ಮಾತ್ರ ಬೇರೆ. ಅಂತರಗಂಗೆಗೆ ಬೇಕಾದ ಗೊಬ್ಬರ ಸಾರಜನಕ ಮತ್ತು ರಂಜಕ. ಅವೆರಡೂ ಮಲಮೂತ್ರದಲ್ಲಿವೆ, ರಂಜಕ ಬಟ್ಟೆ ಪಾತ್ರೆ ತೊಳೆಯುವ ಪುಡಿಗಳಲ್ಲೂ ಇರುತ್ತದೆ. ಕೊಳಚೆ ಹರಿಯುವ ಕೆರೆ ದಿನವೂ ಗೊಬ್ಬರ ಹಾಕಿದ ಗದ್ದೆ. ಹದ ಸಿಕ್ಕರೆ ಈ ಕಳೆ ಎರಡು ವಾರದೊಳಗೆ ತನ್ನ ಹರವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಹಾಸು ದಟ್ಟವಾದಂತೆ ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ. ಸತ್ತ ಎಲೆ ಬೇರುಗಳು ತಳ ಸೇರಿ ಕೊಳೆಯುವಾಗ ನೀರಿನಲ್ಲಿದ್ದ ಪ್ರಾಣವಾಯುವನ್ನು ಹೀರುತ್ತವೆ. ಮೀನು ಸಾಯುತ್ತದೆ, ನಾತ ಹುಟ್ಟುತ್ತದೆ, ತಳದಲ್ಲಿ ಕಪ್ಪು ಕೆಸರು ಏರುತ್ತದೆ. ಯಂತ್ರ ತಂದು ಮೇಲಿನ ಹಸಿರನ್ನು ಎತ್ತಿದರೆ ಗೊಬ್ಬರ ಒಳಗೇ ಉಳಿಯುತ್ತದೆ. ನಾಳೆಯ ಗೊಬ್ಬರ ಆಗಲೇ ಮೋರಿಯಲ್ಲಿ ಹೊರಟಿರುತ್ತದೆ.

ಹಾಂಗ್‌ಝೌದವರು ಇದನ್ನೆಲ್ಲ ಅನುಭವಿಸಿಯೇ ಕಲಿತರು. 1950ರ ದಶಕದ ಆರಂಭದಲ್ಲಿ ಅವರ ಸರೋವರದ ಸರಾಸರಿ ಆಳ ಬರೀ ಅರ್ಧ ಮೀಟರಿನಷ್ಟಿತ್ತು, ಮೊಣಕಾಲು ಮುಳುಗುವಷ್ಟು. ಆ ದಶಕದ ಹೂಳೆತ್ತುವಿಕೆ ಅದನ್ನು 1.8 ಮೀಟರಿಗೆ ತಂದಿತು. ಆದರೂ ನೀರು ಹಸಿರುಗಟ್ಟುವುದು ನಿಲ್ಲಲಿಲ್ಲ. ಆಳದಷ್ಟೇ ಒಳಹರಿವೂ ಮುಖ್ಯವೆಂದು ತಿಳಿದ ಮೇಲೆ, 1980ರ ದಶಕದಲ್ಲಿ ದಡದ ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸಿದರು, ಚಿಯೆನ್‌ತಾಂಗ್ ನದಿಯಿಂದ ನೀರು ತರತೊಡಗಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ನೊಮ್ಮೆ ಹೂಳೆತ್ತಿದರು. ನದಿಯ ನೀರನ್ನು ಹೂಳು ಕೂರಿಸಿ, ತಿಳಿ ಮಾಡಿ, ದಿನಕ್ಕೆ 4 ಲಕ್ಷ ಘನ ಮೀಟರಿನವರೆಗೆ ಸರೋವರಕ್ಕೆ ಬಿಡುವ ಏರ್ಪಾಡಾಯಿತು. ಸುಮಾರು 6.5 ಚದರ ಕಿಲೋಮೀಟರಿನ ಸರೋವರದ ನೀರು ಈಗ ತಿಂಗಳಿಗೊಮ್ಮೆ ಎಂಬಷ್ಟು ಹೊಸದಾಗುತ್ತದೆ. 2002ರಲ್ಲಿ ದಡದ ಉದ್ಯಾನಗಳ ಪ್ರವೇಶ ಶುಲ್ಕ ತೆಗೆದರು. 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವರು ಕಲಿತ ಸರದಿ ಇದು: ಕೊಳಚೆ ಮೊದಲು, ಹೂಳು ಆಮೇಲೆ, ನೀರಿನ ಓಡಾಟ ಅದರ ಜೊತೆಗೆ. ಪ್ರವಾಸಿಗರ ಸುಗ್ಗಿ ಕೊನೆಗೆ. ನಮ್ಮ ನಗರಗಳ ಕೆರೆ ಅಭಿವೃದ್ಧಿಯಲ್ಲಿ ಈ ಸರದಿ ತಲೆಕೆಳಗಾಗಿದೆ: ಉದ್ಯಾನ, ದೋಣಿವಿಹಾರ, ಪ್ರತಿಮೆ ಮೊದಲು ಬರುತ್ತವೆ, ಮೋರಿಯ ವಿಷಯ ಮುಂದಿನ ಹಂತಕ್ಕೆ ಹೋಗುತ್ತದೆ, ಆ ಮುಂದಿನ ಹಂತಕ್ಕೆ ಅನುದಾನ ಬರುವಷ್ಟರಲ್ಲಿ ಮೊದಲ ಹಂತದ ಬೇಲಿ ತುಕ್ಕು ಹಿಡಿದಿರುತ್ತದೆ.

ದುಡ್ಡು, ದೂರ

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು. ಚೀನಾದ ಶ್ರೀಮಂತ ನಗರ, ಎದುರು ಮಾತಿಲ್ಲದ ಆಡಳಿತ. ಅದರ ಜೊತೆ ನಮ್ಮ ಮಹಾನಗರ ಪಾಲಿಕೆಯನ್ನು ಹೋಲಿಸುವುದು ನ್ಯಾಯವೇ ಎಂದು ಕೇಳಬಹುದು. ದಿನಕ್ಕೆ ಲಕ್ಷಗಟ್ಟಲೆ ಘನ ಮೀಟರು ನೀರು ಪಂಪು ಮಾಡುವ ಶಕ್ತಿ ಹುಬ್ಬಳ್ಳಿಗಿಲ್ಲ, ಮಾಡಬೇಕಾದ್ದೂ ಇಲ್ಲ. ಬೇರೆ ನದಿಯನ್ನು ಬಡವಾಗಿಸಿ ಕೆರೆ ತುಂಬುವುದು ನಮಗೆ ಮಾದರಿಯಾಗಬಾರದು. ಆದರೆ ಸು ಶಿಯ ಕಾಲದ ವ್ಯವಸ್ಥೆ ನಿಂತದ್ದು ಶಿಂಗಾಡೆಯ ಗೇಣಿಯ ಮೇಲೆ, ನಮ್ಮ ಬಿತ್ತುವಟ್ಟ ನಿಂತದ್ದು ಭತ್ತದ ಪಾಲಿನ ಮೇಲೆ. ಕೆರೆಯಿಂದ ಹುಟ್ಟಿದ ಹಣ ಕೆರೆಗೇ ಮರಳಬೇಕೆಂಬ ನಿಯಮಕ್ಕೆ ಶ್ರೀಮಂತಿಕೆ ಬೇಕಿಲ್ಲ. ದೋಣಿಯ ಟಿಕೆಟ್, ಉದ್ಯಾನದ ಅಂಗಡಿಗಳ ಬಾಡಿಗೆ, ಮೀನು ಹಿಡಿಯುವ ಹರಾಜು, ಇವುಗಳ ಲೆಕ್ಕವನ್ನು ಬೇರೆಯಾಗಿಟ್ಟು ಮೋರಿ ತಡೆಯಲು, ಹೂಳು ತೆಗೆಯಲು ಮಾತ್ರ ಬಳಸುವುದಕ್ಕೆ ಪಾಲಿಕೆಯ ಒಂದು ನಿರ್ಣಯ ಸಾಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹುಬ್ಬಳ್ಳಿಯ ಕೊಳಚೆ ನೂರಾರು ಹಳ್ಳಗಳ ನೀರಿನಲ್ಲಿ ಕರಗಿ, ಕಾಡಿನಲ್ಲಿ ಸೋಸಿ, ಮಾಗೋಡಿನಲ್ಲಿ ಗಾಳಿಗೊಡ್ಡಿ ಶುದ್ಧವಾಗಿಯೇ ಕೆಳಗೆ ಬರುತ್ತದೆ, ಮಂಜಗುಣಿಗೆ ಅದರಿಂದೇನು ಎಂಬುದು. ಇದರಲ್ಲಿ ನಿಜವಿದೆ. ಹರಿಯುವ ನದಿ ತನ್ನ ಕೊಳೆಯನ್ನು ತಾನೇ ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ. ಬಂಡೆಗಳ ಮೇಲೆ ಒಡೆದು ಬೀಳುವ ನೀರಿಗೆ ಪ್ರಾಣವಾಯು ಸೇರುತ್ತದೆ. ಆದರೆ ಈ ಅರಗಿಸುವ ಶಕ್ತಿ ನೀರಿನ ಪ್ರಮಾಣಕ್ಕೆ ಕಟ್ಟುಬಿದ್ದದ್ದು. ಮಳೆಗಾಲದ ನಾಲ್ಕು ತಿಂಗಳು ಬೇಡ್ತಿಗೆ ಎಲ್ಲವನ್ನೂ ತೊಳೆಯುವ ಕಸುವಿದೆ. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಮೇಲ್ಭಾಗದಲ್ಲಿ ನಿಲ್ಲದೆ ಹರಿಯುವುದು ನಗರದ ಬಳಸಿದ ನೀರೇ. ಅದನ್ನು ಮೊದಲು ಉಣ್ಣುವವರು ಮಂಜಗುಣಿಯವರಲ್ಲ, ಕಲಘಟಗಿಯ ಹೊಲದವರು, ಯಲ್ಲಾಪುರದ ಹೊಳೆದಂಡೆಯವರು. ಪ್ಲಾಸ್ಟಿಕ್ಕನ್ನಂತೂ ಯಾವ ಜಲಪಾತವೂ ಅರಗಿಸುವುದಿಲ್ಲ. ಮೊದಲ ಮಳೆಯ ಪ್ರವಾಹ ಅದನ್ನೆಲ್ಲ ಗುಡಿಸಿ ತಂದು ಅಳಿವೆಯ ಬಲೆಗಳಿಗೆ ಸಿಕ್ಕಿಸುತ್ತದೆ. ಹುಬ್ಬಳ್ಳಿಯ ಗಬ್ಬೂರಿನಲ್ಲಿ ಕೊಳಚೆ ಶುದ್ಧೀಕರಣ ಘಟಕ ಬಂದಿರುವುದು ಸರಿಯಾದ ಹೆಜ್ಜೆ. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಉಣಕಲ್ ನಾಲೆಯ ದಂಡೆಯನ್ನು ನಡಿಗೆಯ, ಸೈಕಲ್ಲಿನ ಹಸಿರು ಪಥವಾಗಿಸುವ ಸ್ಮಾರ್ಟ್ ಸಿಟಿ ಕೆಲಸವೂ ಸ್ವಾಗತಾರ್ಹ. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಎಂದು ಕೇಳಿದರೆ ಉತ್ತರ ಸ್ಪಷ್ಟ: ಘಟಕಕ್ಕೆ. ಪಥದ ಮೇಲೆ ನಡೆಯುವವರು ಮೂಗು ಮುಚ್ಚಿಕೊಳ್ಳದೆ ನಡೆಯಬೇಕಾದರೂ ಅದೇ ಬೇಕು.

ಕಡಲಿಗೆ ಸೇರಿದ್ದು ಪೋಲಾಯಿತೆ?

ಘಟ್ಟದ ಮೇಲಿನವರು ಆಗಾಗ ಎತ್ತುವ ಇನ್ನೊಂದು ವಾದವಿದೆ. ಪಶ್ಚಿಮದ ನದಿಗಳ ನೀರೆಲ್ಲ ಸುಮ್ಮನೆ ಕಡಲು ಸೇರಿ ಪೋಲಾಗುತ್ತಿದೆ, ಅದನ್ನು ಪೂರ್ವಕ್ಕೆ ತಿರುಗಿಸಿ ಒಣ ಜಿಲ್ಲೆಗಳ ಕೆರೆ ತುಂಬಿಸೋಣ ಎಂಬುದು. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಇದೇ ವಾದದ ಮೇಲೆ ನಿಂತಿದೆ. ಒಣ ಜಿಲ್ಲೆಗಳ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಕಡಲು ಸೇರುವ ನೀರಿಗೆ ಕೆಲಸವಿಲ್ಲ ಎಂಬುದು ಸುಳ್ಳು. ಅಂಕೋಲಾ, ಕುಮಟಾ ಸೀಮೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಮೊಳೆಯಬೇಕಾದರೆ ಮೊದಲ ಮಳೆಯ ಸಿಹಿನೀರು ನೆಲದ ಉಪ್ಪನ್ನು ತೊಳೆಯಬೇಕು. ಸಿಗಡಿಯ, ಮೀನಿನ ಮರಿಗಳು ಬೆಳೆಯುವುದು ಉಪ್ಪು ಸಿಹಿ ಬೆರೆತ ಅಳಿವೆಯ ನೀರಿನಲ್ಲಿ. ಬೆಳಚು ಚಿಪ್ಪು ಕಟ್ಟುವುದೂ ಅಲ್ಲೇ. ತೀರದ ಮರಳನ್ನು ತಂದು ತುಂಬುವುದು ನದಿ. ಕಾರವಾರ, ಅಂಕೋಲೆಯ ಕುಡಿಯುವ ನೀರಿಗೆ ಉಪ್ಪು ಏರದಂತೆ ತಡೆಯುವುದೂ ಮೇಲಿನಿಂದ ಬರುವ ಹರಿವೇ. ಗೋಕರ್ಣದ ಆಚೆ ಬದಿಯ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಒಪ್ಪಿಕೊಂಡ ಬೆಲೆಯನ್ನು ಪಕ್ಕದ ಗಂಗಾವಳಿಗೆ ನಿರಾಕರಿಸಲು ಕಾರಣ ಕಾಣುವುದಿಲ್ಲ.

ಈ ನದಿಯನ್ನು ಜನ ಹಿಂದೆಯೂ ಉಳಿಸಿಕೊಂಡಿದ್ದಾರೆ. ಬೇಡ್ತಿಗೆ ವಿದ್ಯುತ್ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಂಘವೇ ಮುಂದಾಗಿ ತಜ್ಞರನ್ನು ಕೂಡಿಸಿ, ಯೋಜನೆಯ ಲಾಭನಷ್ಟವನ್ನು ಅಂಕಿಅಂಶಗಳಿಂದ ಅಳೆಯಿತು; ಯೋಜನೆ ನಿಂತಿತು. ಇಂದಿಗೂ ಕಾಳಿ, ಶರಾವತಿಗಳಂತೆ ದೊಡ್ಡ ಅಣೆಕಟ್ಟುಗಳಿಲ್ಲದೆ ಬೇಡ್ತಿ ಹರಿಯುತ್ತಿದೆ. ಆದರೆ ಅಣೆಕಟ್ಟು ಬಾರದಂತೆ ತಡೆದ ಜಿಲ್ಲೆ ಮೇಲಿನಿಂದ ಬರುವ ಕೊಳಚೆಯ ಬಗ್ಗೆ ಅದೇ ದನಿಯಲ್ಲಿ ಕೇಳಿಲ್ಲ. ನದಿಯ ಅಪಾಯ ಯಾವಾಗಲೂ ದೊಡ್ಡ ಕಾಮಗಾರಿಯ ರೂಪದಲ್ಲೇ ಬರುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಗಂಗಾವಳಿಗೇ ಬಿದ್ದಾಗ, ಎದ್ದ ನೀರಿನ ಹೊಡೆತ ಆಚೆ ದಂಡೆಯ ಉಳವರೆಯ ಮನೆಗಳನ್ನೂ ನೆಲಕ್ಕೆ ಕೆಡವಿತು. ನದಿಯ ಒಂದು ದಡದಲ್ಲಿ ಮಾಡಿದ್ದಕ್ಕೆ ಇನ್ನೊಂದು ದಡ ಬೆಲೆ ತೆತ್ತಿತು. ಮೇಲು ಕೆಳಗಿನ ಸಂಬಂಧವೂ ಇಂಥದ್ದೇ. ಅದು ನಿಧಾನವಾಗಿ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಕೆರೆಗೆ ಹೋಗುವವರಿಗೆ

ಹಾಗಾದರೆ ಕೆರೆ ನೋಡಲು ಹೋಗುವುದೇ ತಪ್ಪೆ? ಖಂಡಿತ ಅಲ್ಲ. ಜನ ಬಾರದ ಕೆರೆಯನ್ನು ಕೇಳುವವರಿಲ್ಲ. ಕೇಳುವವರಿಲ್ಲದ ಕೆರೆ ನಿವೇಶನವಾಗುತ್ತದೆ. ಹಾಂಗ್‌ಝೌದವರೂ ಶುಲ್ಕ ತೆಗೆದು ದಡದ ಉದ್ಯಾನಗಳನ್ನು ಜನರಿಗೆ ತೆರೆದರು. ಉಣಕಲ್ಲಿನಲ್ಲಿ ಭಾನುವಾರ ನೆರೆಯುವ ಕುಟುಂಬಗಳು ಆ ಕೆರೆಯ ದೊಡ್ಡ ಆಸ್ತಿ. ಅವರು ಪ್ರತಿಮೆಯ ಎದುರು ನಿಂತು ಚಿತ್ರ ತೆಗೆದ ಮೇಲೆ ಇನ್ನೆರಡು ಜಾಗ ನೋಡಬೇಕು. ಒಂದು, ನೀರು ಕೆರೆಯೊಳಗೆ ಬರುವ ಬಾಯಿ. ಹಳ್ಳಗಳು ಬತ್ತುವ ಬೇಸಿಗೆಯಲ್ಲೂ ಅಲ್ಲಿ ನೀರು ಹರಿಯುತ್ತಿದ್ದರೆ ಅದು ಹಳ್ಳದ್ದಲ್ಲ, ಬಚ್ಚಲದ್ದು. ಇನ್ನೊಂದು, ಕೋಡಿಯ ಕೆಳಗೆ ನಾಲೆ ಆರಂಭವಾಗುವ ಜಾಗ. ಅಲ್ಲಿ ಕಾಣುವ ಬಣ್ಣ, ಬರುವ ವಾಸನೆ ಕೆರೆಯ ನಿಜವಾದ ವರದಿ.

ಆಡಳಿತದಿಂದ ಕೇಳಬೇಕಾದ್ದೂ ದೊಡ್ಡದಲ್ಲ. ಒಳಹರಿವಿನ ಪ್ರತಿ ಮೋರಿಯನ್ನೂ ಗುರುತಿಸಿ ಕೊಳಚೆ ಕೊಳವೆಗೆ ಸೇರಿಸುವ ತನಕ ದಡದ ಹೊಸ ಅಲಂಕಾರಕ್ಕೆ ಒಂದು ರೂಪಾಯಿಯೂ ಬೇಡ. ಉಣಕಲ್ ಕೆರೆಯ ಬಾಗಿಲಲ್ಲಿ, ಕಲಘಟಗಿಯಲ್ಲಿ, ಮಾಗೋಡಿನ ಮೇಲೆ, ಅಂಕೋಲೆಗೆ ನೀರೆತ್ತುವಲ್ಲಿ ಮತ್ತು ಅಳಿವೆಯಲ್ಲಿ ತಿಂಗಳಿಗೊಮ್ಮೆ ನೀರು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಅದೇ ಜಾಗದಲ್ಲಿ ಹಾಕಲಿ. ಧಾರವಾಡ ಮತ್ತು ಉತ್ತರ ಕನ್ನಡ ಎರಡು ಜಿಲ್ಲಾಡಳಿತಗಳು ವರ್ಷಕ್ಕೆ ಎರಡು ಸಲವಾದರೂ ಈ ಒಂದು ನದಿಗಾಗಿ ಒಂದೇ ಮೇಜಿನ ಸುತ್ತ ಕೂರಲಿ, ಆ ಸಭೆಗೆ ಅಳಿವೆಯ ಮೀನುಗಾರರನ್ನೂ ಕರೆಯಲಿ. ಹುಬ್ಬಳ್ಳಿಯಲ್ಲಿ ಓದುತ್ತಿರುವ, ದುಡಿಯುತ್ತಿರುವ ಕರಾವಳಿಯವರು ಸಾವಿರಾರು ಮಂದಿ ಇದ್ದಾರೆ. ಈ ಬೇಡಿಕೆಯ ಪತ್ರ ಪಾಲಿಕೆಗೆ ಮೊದಲು ಅವರಿಂದಲೇ ಹೋಗಲಿ.